ಮಡಿಬಟ್ಟೆಯ ಹಿಂದಿನ ವಿದ್ಯೆ

ಊಟ ಮಾಡುವಾಗ ಬಿಳಿಯ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು, ಆ ಹಳದಿ ಕಲೆಗೆ ಅವಸರದಲ್ಲಿ ಸಾಬೂನು ಉಜ್ಜಿದ್ದೀರಾ? ಉಜ್ಜಿದ್ದರೆ ಒಂದು ಸೋಜಿಗವನ್ನು ಕಂಡಿರುತ್ತೀರಿ. ಕಲೆ ಹೋಗುವ ಬದಲು ಕ್ಷಣಮಾತ್ರದಲ್ಲಿ ಕೆಂಪಾಗುತ್ತದೆ. ಬಟ್ಟೆ ಹಾಳಾಯಿತೆಂದು ಗಾಬರಿಯಾಗಬೇಕಾಗಿಲ್ಲ. ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಕೆಂಪು ಮತ್ತೆ ಹಳದಿಯಾಗುತ್ತದೆ. ಒದ್ದೆ ಬಟ್ಟೆಯನ್ನು ಬಿಸಿಲಿನಲ್ಲಿ ಹರವಿದರೆ ಹಳದಿಯೂ ಮೆಲ್ಲಗೆ ಮಾಸುತ್ತದೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಬಿಸಿಲಿಗೆ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ನಿಮ್ಮ ಪ್ರಯೋಗಾಲಯದ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಅಡುಗೆಮನೆಯ ಅರಿಸಿನವೂ ಮಾಡುತ್ತದೆ. ಅರಿಸಿನಕ್ಕೆ ಸುಣ್ಣವನ್ನೋ ಬಿಳಿಗಾರವನ್ನೋ ಬೆರೆಸಿ ಕುಂಕುಮ ಮಾಡಿದ ಹಿಂದಿನವರಿಗೆ ಲಿಟ್ಮಸ್ ಗೊತ್ತಿರಲಿಲ್ಲ. ಕ್ಷಾರದ ಗುಣ ಮಾತ್ರ ಚೆನ್ನಾಗಿ ಗೊತ್ತಿತ್ತು.

ಇತಿಹಾಸವೆಂದೊಡನೆ ರಾಜರು, ಯುದ್ಧಗಳು, ಶಾಸನಗಳು ನಿಮ್ಮ ನೆನಪಿಗೆ ಬರುತ್ತವೆ. ಆ ರಾಜರ ಉಡುಪನ್ನು ಒಗೆದವರು ಯಾರು, ಯಾವುದರಿಂದ ಒಗೆದರು ಎಂಬ ಪ್ರಶ್ನೆಯನ್ನು ಪಠ್ಯಪುಸ್ತಕ ಕೇಳುವುದಿಲ್ಲ. ಕೇಳಿ ನೋಡಿದರೆ ಒಂದು ದೊಡ್ಡ ವಿದ್ಯೆಯ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಮಣ್ಣು, ಬೂದಿ, ಕಾಯಿ, ಸೊಪ್ಪು, ಹಿಟ್ಟು ಇವುಗಳಲ್ಲಿ ಯಾವುದು ಯಾವ ಕೊಳೆಗೆ, ಯಾವ ನೂಲಿಗೆ, ಎಷ್ಟು ಹೊತ್ತು ಎಂಬ ಲೆಕ್ಕಾಚಾರ ಅದು. ಅದನ್ನು ಬಲ್ಲವರು ಹೆಚ್ಚಾಗಿ ಅಗಸರು ಮತ್ತು ಹೆಂಗಸರು. ಬರೆಯುವವರು ಬೇರೆಯವರಾಗಿದ್ದರು.

ಮೊದಲು ಕೊಳೆ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಬರಿಯ ಧೂಳಾಗಿದ್ದರೆ ಕೊಡವಿದರೆ ಸಾಕಿತ್ತು. ಬೆವರು, ಮೈಯ ಜಿಡ್ಡು, ಅಡುಗೆಯ ಎಣ್ಣೆ ಇವು ಧೂಳನ್ನು ಬಟ್ಟೆಗೆ ಅಂಟಿಸಿ ಹಿಡಿಯುತ್ತವೆ. ನೀರಿಗೂ ಎಣ್ಣೆಗೂ ಸ್ನೇಹವಿಲ್ಲದ್ದರಿಂದ ಬರಿಯ ನೀರು ಸಾಲದು. ಆ ಜಿಡ್ಡನ್ನು ಹಿಟ್ಟು ಹೀರಿಕೊಳ್ಳಬಹುದು. ಕ್ಷಾರ ಅದರೊಡನೆ ಕೂಡಿ ಕರಗುವಂತೆ ಮಾಡಬಹುದು. ಇಲ್ಲವೆ ಒಂದು ಕೈಯಲ್ಲಿ ಎಣ್ಣೆಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿಯಬಲ್ಲ ಮಧ್ಯಸ್ಥನೊಬ್ಬ ಬರಬಹುದು. ಸಾಬೂನು, ಅಂಟುವಾಳ, ಇಂದಿನ ಡಿಟರ್ಜೆಂಟ್ ಪುಡಿ ಇವೆಲ್ಲ ಆ ಮಧ್ಯಸ್ಥನ ಜಾತಿಗೆ ಸೇರಿದವು.

ಈ ವಿದ್ಯೆಯ ಹಳೆಯ ಲಿಖಿತ ಸಾಕ್ಷ್ಯ ನಾವು ನಿರೀಕ್ಷಿಸದ ಕಡೆಯಲ್ಲಿದೆ. ಮನುಸ್ಮೃತಿಯ ಐದನೆಯ ಅಧ್ಯಾಯ ಶುದ್ಧಿ-ಅಶುದ್ಧಿಗಳ ವಿಚಾರ ಮಾಡುವಾಗ ಬಟ್ಟೆಗಳ ಮಾತಿಗೂ ಬರುತ್ತದೆ. ರೇಷ್ಮೆ ಮತ್ತು ಉಣ್ಣೆಗೆ ಸವಳು ಮಣ್ಣು, ಕಂಬಳಿಗೆ ಅಂಟುವಾಳ, ನಯವಾದ ನಾರುಪಟ್ಟೆಗೆ ಬಿಲ್ವದ ಕಾಯಿ, ಅಗಸೆನಾರಿನ ಬಟ್ಟೆಗೆ ಬಿಳಿ ಸಾಸಿವೆ ಎಂದು ಅಲ್ಲಿ ಹೇಳಿದೆ. ಮನುಷ್ಯರನ್ನು ಶುದ್ಧರು, ಅಶುದ್ಧರು ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿದ ಗ್ರಂಥ ಅದು. ಆದರೂ ಈ ಒಂದು ಪಟ್ಟಿಯಲ್ಲಿ ಕಾಣುವ ತಿಳಿವಳಿಕೆ ನೀರಿನ ಅಂಚಿನಲ್ಲಿ ನಿಂತು ದುಡಿದವರಿಂದಲೇ ಬಂದಿರಬೇಕು. ಒಂದೊಂದು ನೂಲಿಗೆ ಒಂದೊಂದು ಉಪಚಾರ ಬೇಕೆಂಬುದು ಒಗೆದು ನೋಡದೆ ತಿಳಿಯುವ ಸಂಗತಿಯಲ್ಲ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯವಾದವು, ಕ್ಷಾರ ಮಿತಿಮೀರಿದರೆ ಅವು ಬೇಗ ಹಾಳಾಗುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. ಆದ್ದರಿಂದ ಆ ಪಟ್ಟಿಯನ್ನು ನಂಬಿ ಮನೆಯ ರೇಷ್ಮೆ ಸೀರೆಯ ಮೇಲೆ ಪ್ರಯೋಗಕ್ಕೆ ಇಳಿಯದಿರುವುದು ಒಳ್ಳೆಯದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗಸರ ಕಸುಬಿನ ಚಿತ್ರ ಇನ್ನೂ ಸ್ಪಷ್ಟವಾಗಿದೆ. ಈ ಗ್ರಂಥದ ಓಲೆಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು, 1909ರಲ್ಲಿ ಪ್ರಕಟಿಸಿದರು. ಅಗಸರು ಮರದ ಹಲಗೆಯ ಮೇಲೆ ಅಥವಾ ನಯವಾದ ಕಲ್ಲಿನ ಮೇಲೆ ಮಾತ್ರ ಬಟ್ಟೆ ಒಗೆಯಬೇಕು. ಬೇರೆಡೆ ಒಗೆದು ಹರಿದರೆ ಬಟ್ಟೆಯ ನಷ್ಟವನ್ನು ತುಂಬಿಕೊಟ್ಟು 6 ಪಣ ದಂಡ ತೆರಬೇಕು. ಗಿರಾಕಿಯ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ ಅಥವಾ ಒತ್ತೆಯಿಟ್ಟರೆ 12 ಪಣ. ಅಗಸನು ತಾನು ಉಡುವ ಬಟ್ಟೆಗೆ ದೊಣ್ಣೆಯ ಗುರುತು ಹಾಕಿಕೊಂಡಿರಬೇಕು. ಆ ಗುರುತಿಲ್ಲದ ಬಟ್ಟೆ ಉಟ್ಟರೆ 3 ಪಣ. ಇಷ್ಟು ದಂಡಗಳನ್ನು ಓದಿದಾಗ, ಊರಿನವರ ಬಟ್ಟೆ ಉಟ್ಟು ಮದುವೆಗೆ ಹೋಗುವ ಅಗಸನ ಕುರಿತ ಹಾಸ್ಯ ಎಷ್ಟು ಹಳೆಯದೆಂದು ನಗು ಬರಬಹುದು. ನಗುವ ಮುನ್ನ ಆ ಗ್ರಂಥದ ಮುಂದಿನ ಸಾಲುಗಳನ್ನೂ ಗಮನಿಸಿ. ಸಾಮಾನ್ಯ ಬಿಳಿ ಬಟ್ಟೆಯನ್ನು ಎಷ್ಟು ಬೆಳ್ಳಗೆ ಮಾಡಬೇಕೆಂಬುದರ ಮೇಲೆ ಒಂದೊಂದು ರಾತ್ರಿ ಹೆಚ್ಚು ಅವಧಿ. ತೆಳುಬಣ್ಣದ ಬಟ್ಟೆಗೆ 5 ರಾತ್ರಿ, ನೀಲಿಗೆ 6, ಹೆಚ್ಚು ಆರೈಕೆ ಬೇಡುವ ಒಳ್ಳೆಯ ಬಟ್ಟೆಗೆ 7. ಬಿಳುಪಿನಲ್ಲೇ ದರ್ಜೆಗಳನ್ನು ಗುರುತಿಸಿ ಹೆಸರಿಟ್ಟಿದ್ದ ಕಸುಬು ಅದು.

ಗುರುತಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನೂರಾರು ಮನೆಗಳ ಬಟ್ಟೆ ಒಂದೇ ಗಂಟಿನಲ್ಲಿ ಹೊಳೆಗೆ ಹೋಗುವಾಗ ಯಾವುದು ಯಾರದೆಂದು ತಿಳಿಯುವುದು ಹೇಗೆ? ಅದಕ್ಕೆ ಅಗಸರು ಬಳಸಿದ್ದು ಕಾಡುಮರವಾದ ಕರಿಗೇರಿನ ಕಾಯಿ. ಇದು ನಾವು ತಿನ್ನುವ ಗೋಡಂಬಿಯ ಸಂಬಂಧಿ. ಅದರ ಸಿಪ್ಪೆಯ ರಸವನ್ನು ಸುಣ್ಣದೊಡನೆ ಬಟ್ಟೆಗೆ ತಾಗಿಸಿದರೆ ಕಪ್ಪು ಗುರುತು ಮೂಡುತ್ತದೆ. ಎಷ್ಟು ಒಗೆದರೂ ಹೋಗುವುದಿಲ್ಲ. ಎಲ್ಲ ಕಲೆಗಳನ್ನೂ ತೆಗೆಯಬಲ್ಲವನಿಗೆ ತೆಗೆಯಲಾಗದ ಕಲೆ ಯಾವುದೆಂಬುದೂ ತಿಳಿದಿರಬೇಕಲ್ಲವೆ? ಆದರೆ ಆ ರಸ ಕೆಲವರ ಚರ್ಮಕ್ಕೆ ವಿಷ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೀಡುಬಿಟ್ಟಿದ್ದ ವಿದೇಶಿ ಸೈನಿಕರಿಗೆ ಅಂಗಿಯ ಗುರುತು ತಾಗುತ್ತಿದ್ದ ಜಾಗದಲ್ಲೇ ಬೊಬ್ಬೆಗಳೆದ್ದವು. ಅವರ ವೈದ್ಯರು 1943ರಲ್ಲಿ ಇದನ್ನು ‘ದೋಬಿ ಗುರುತಿನ ಚರ್ಮರೋಗ’ ಎಂಬ ಹೆಸರಿನಲ್ಲೇ ದಾಖಲಿಸಿದರು.

ಈಗ ನಮ್ಮ ನಾಡಿನ ಬಯಲುಸೀಮೆಗೆ ಬರೋಣ. ಬೇಸಗೆಯಲ್ಲಿ ಕೆಲವು ತಗ್ಗುಭೂಮಿಗಳ ಮೇಲೆ, ಕೆರೆಯ ಹಿಂಬದಿಯ ನೆಲದಲ್ಲಿ, ಬೆಳ್ಳಗೆ ಉಪ್ಪು ಹೂತಂತೆ ಪೊರೆಯೊಂದು ಏಳುವುದನ್ನು ನೀವು ನೋಡಿರಬಹುದು. ಇದೇ ಸವಳು ಅಥವಾ ಚೌಳು. ರೈತನಿಗೆ ಇದು ಶಾಪ. ಅಲ್ಲಿ ಬೆಳೆ ಏಳದು. ಅಗಸನಿಗೆ ಅದೇ ವರ. ಆ ಮಣ್ಣಿನಲ್ಲಿ ಸೋಡಾ, ಎಂದರೆ ಸೋಡಿಯಂ ಕಾರ್ಬೊನೇಟ್ ಇರುತ್ತದೆ; ಇಂದಿಗೂ ಅಂಗಡಿಯಲ್ಲಿ ‘ವಾಷಿಂಗ್ ಸೋಡಾ’ ಎಂದು ಮಾರುವುದು ಅದನ್ನೇ. ಟಿಪ್ಪುವಿನ ಪತನದ ನಂತರ, 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಸವಳನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜು ಕಾಯಿಸುತ್ತಿದ್ದ ಕುಲುಮೆಗಳನ್ನು ಅವನು ವರ್ಣಿಸಿದ್ದಾನೆ. ಆ ಗಾಜಿಗೂ ಸೋಡಾ ಒದಗಿಸಿದ್ದು ಸವಳೇ. ಹೆಣ್ಣುಮಗಳ ಸೀರೆಯನ್ನು ಬೆಳಗಿದ ಮಣ್ಣೇ ಅವಳ ಕೈಬಳೆಯಲ್ಲೂ ಕರಗಿತ್ತು.

ಸವಳು ಹಾಕಿ ಒಗೆಯುವುದೆಂದರೆ ಬರಿಯ ಮಣ್ಣು ಬಳಿಯುವುದಲ್ಲ. ಸವಳಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ದೊಡ್ಡ ಬಾನಿಯ ಮೇಲೆ ಸುತ್ತಿ ಪೇರಿಸಿ, ಕೆಳಗೆ ಬೆಂಕಿಯಿಟ್ಟು ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಬಿಸಿ ಮತ್ತು ಕ್ಷಾರ ಕೂಡಿ ಜಿಡ್ಡನ್ನು ಸಡಿಲಿಸುತ್ತಿದ್ದವು. ಹಬೆ ಹೇನು-ಕೂರೆಗಳನ್ನೂ ಅನೇಕ ರೋಗಾಣುಗಳನ್ನೂ ಕೊಲ್ಲುತ್ತಿತ್ತು. ಬೆಳಗ್ಗೆ ಕಲ್ಲಿಗೆ ಬಡಿದು, ಜಾಲಿಸಿ, ಗರಿಕೆಯ ಮೇಲೆ ಹರವಿ, ಒಣಗಿದಂತೆಲ್ಲ ನೀರು ಚಿಮುಕಿಸುತ್ತಿದ್ದರು. ಬಿಸಿಲು ಮತ್ತು ತೇವ ಕೂಡಿ ಬಟ್ಟೆಯನ್ನು ಬಿಳುಪುಗೊಳಿಸುತ್ತವೆ. ಯೂರೋಪಿನಲ್ಲಿಯೂ 18ನೆಯ ಶತಮಾನದ ಕೊನೆಯವರೆಗೆ ಇದೇ ಪದ್ಧತಿ. ಬಟ್ಟೆ ಬೆಳ್ಳಗಾಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಹುಲ್ಲುಗಾವಲೇ ಗತಿ. 1774ರಲ್ಲಿ ಶೀಲೆ ಕ್ಲೋರಿನ್ ಅನಿಲವನ್ನು ಕಂಡುಹಿಡಿದು, 1799ರಲ್ಲಿ ಚಾರ್ಲ್ಸ್ ಟೆನಂಟ್ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದ ಮೇಲೆ ಅಲ್ಲಿ ಆ ಕಾಯುವಿಕೆ ತಪ್ಪಿತು. ಕೊನೆಯದಾಗಿ ನಮ್ಮಲ್ಲಿ ಅನ್ನದ ಗಂಜಿ, ಒಂದಿಷ್ಟು ನೀಲಿ. ಹಳದಿಗೆ ತಿರುಗಿದ ಬಟ್ಟೆಯ ಮೇಲೆ ತೆಳುವಾದ ನೀಲಿ ಬಿದ್ದರೆ ಕಣ್ಣಿಗೆ ಅದು ಬಿಳಿಯಾಗಿ ಕಾಣುತ್ತದೆ. ಇದು ಕೊಳೆ ತೆಗೆಯುವ ಉಪಾಯವಾಗಿರದೆ ಕಣ್ಣಿಗೆ ಮಾಡುವ ಒಂದು ಸಣ್ಣ ಮೋಸವಾಗಿತ್ತು. ಇಂದಿನ ಪುಡಿಗಳಲ್ಲಿರುವ ಹೊಳಪುಕಾರಕಗಳೂ ಬೇರೆ ದಾರಿಯಿಂದ ಅದನ್ನೇ ಮಾಡುತ್ತವೆ.

ಇಷ್ಟೆಲ್ಲ ಬಲ್ಲವನ ಸ್ಥಾನಮಾನ ಹೇಗಿತ್ತು? ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅಗಸನೂ ಒಬ್ಬ. ಸುಗ್ಗಿಯ ಕಾಲದಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸಾವಿನ ಮನೆಯ ಬಟ್ಟೆ ಅವನ ಮನೆಗೇ ಹೋಗಬೇಕು. ಊರಿನ ಮೈಲಿಗೆಯನ್ನು ತೊಳೆದು ಮಡಿ ಮಾಡಿಕೊಟ್ಟದ್ದಕ್ಕಾಗಿಯೇ ಅವನನ್ನು ಕೀಳೆಂದು ದೂರವಿಟ್ಟರು. ಈ ವಿಪರ್ಯಾಸವನ್ನು 12ನೆಯ ಶತಮಾನದ ಶರಣರು ನೇರವಾಗಿ ಎದುರಿಸಿದರು. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆಗಳನ್ನು ಒಗೆಯುವ ಕಾಯಕವನ್ನು ಹಿಡಿದ. ಕಾಯಕದಲ್ಲಿ ನಿಷ್ಠೆಯಿಲ್ಲದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ‘ಕಲಿದೇವರದೇವ’ ಎಂಬ ಅಂಕಿತದ ಅವನ ವಚನಗಳು ನಮಗೆ ಉಳಿದಿವೆ. ಒಗೆಯುವವನು ಒಗೆಸಿಕೊಳ್ಳುವವನ ಯೋಗ್ಯತೆಯನ್ನು ಅಳೆಯುವುದು! ನಮ್ಮ ಸಾಹಿತ್ಯದಲ್ಲಿ ಇಂತಹ ಧೈರ್ಯ ಅಪರೂಪ.

ಅದು ಸುಲಭದ ಕೆಲಸವೆಂದು ಯಾರಾದರೂ ಹೇಳಿದರೆ ಗಾಂಧೀಜಿಯವರ ಆತ್ಮಕಥೆಯನ್ನು ಓದಲು ಹೇಳಿ. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅಗಸನ ಖರ್ಚು ಹೆಚ್ಚೆಂದು, ಅವರು ಬಟ್ಟೆ ಒಗೆಯುವ ಕುರಿತ ಪುಸ್ತಕ ತರಿಸಿ ಓದಿ, ಕಸ್ತೂರಬಾರಿಗೂ ಕಲಿಸಿ, ತಾವೇ ಒಗೆಯತೊಡಗಿದರು. ಮೊದಲ ಸಲ ತಾವೇ ಇಸ್ತ್ರಿ ಮಾಡಿದ ಕಾಲರ್ ತೊಟ್ಟು ನ್ಯಾಯಾಲಯಕ್ಕೆ ಹೋದಾಗ ಹೆಚ್ಚಾಗಿದ್ದ ಗಂಜಿ ಉದುರತೊಡಗಿ ಜೊತೆಯ ಬ್ಯಾರಿಸ್ಟರುಗಳೆಲ್ಲ ನಕ್ಕರಂತೆ. ಗಾಂಧೀಜಿ ಬಿಡಲಿಲ್ಲ. ಮುಂದೆ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದಾಗ, ರಾನಡೆಯವರು ಕೊಟ್ಟಿದ್ದ ಅಮೂಲ್ಯವಾದ ಉತ್ತರೀಯಕ್ಕೆ ಇಸ್ತ್ರಿ ಮಾಡುವ ಭಾಗ್ಯ ಅವರದಾಯಿತು. ಅದಕ್ಕೂ ಗೋಖಲೆಯವರು ಮೊದಲು ಅನುಮಾನಿಸಿದ್ದರು.

ಇನ್ನು ಮನೆಯೊಳಗಿನ ಕ್ಷಾರ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿದುಕೊಂಡರೆ ಅದು ಬೆರಳಿಗೆ ಜಾರುತ್ತದೆ. ಸಸ್ಯಗಳಲ್ಲಿರುವ ಪೊಟ್ಯಾಸಿಯಂ ಸುಟ್ಟ ಮೇಲೆ ಕಾರ್ಬೊನೇಟಾಗಿ ಬೂದಿಯಲ್ಲಿ ಉಳಿಯುತ್ತದೆ; ಆ ನೀರಿನ ಜಾರಿಕೆಗೆ ಅದೇ ಕಾರಣ. ‘ಆಲ್ಕಲಿ’ ಎಂಬ ಪಾರಿಭಾಷಿಕ ಪದ ಅರಬ್ಬಿಯಿಂದ ಬಂದದ್ದು, ಉಪ್ಪುನೆಲದ ಗಿಡಗಳ ಬೂದಿ ಎಂಬ ಅರ್ಥದಲ್ಲಿ. ‘ಪೊಟ್ಯಾಶ್’ ಎಂದರೆ ಗಡಿಗೆಯ ಬೂದಿ. 1807ರಲ್ಲಿ ಹಂಫ್ರಿ ಡೇವಿ ಈ ಪೊಟ್ಯಾಶಿನ ಮೂಲಕ ವಿದ್ಯುತ್ತನ್ನು ಹಾಯಿಸಿ ಹೊಸ ಲೋಹವೊಂದನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಕರೆದ. ನಿಮ್ಮ ರಸಾಯನಶಾಸ್ತ್ರದ ಆವರ್ತ ಕೋಷ್ಟಕದಲ್ಲಿ ಒಲೆಯ ಬೂದಿಗೆ ಹೀಗೆ ಒಂದು ಮನೆ ದೊರೆತಿದೆ. ನಮ್ಮ ಹೆಂಗಸರು ಬೂದಿಯಿಂದ ಜಿಡ್ಡಿನ ಪಾತ್ರೆಯನ್ನೂ, ಹುಣಿಸೆಹಣ್ಣಿನಿಂದ ಹಿತ್ತಾಳೆ ತಾಮ್ರಗಳನ್ನೂ ಬೆಳಗುತ್ತಿದ್ದರು. ಒಂದು ಕ್ಷಾರ, ಒಂದು ಹುಳಿ. ಎಣ್ಣೆಗೆ ಒಂದು, ಕಿಲುಬಿಗೆ ಒಂದು.

ಎಣ್ಣೆಸ್ನಾನದ ಕಡೆಗೆ ತಿರುಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ನಡುವೆ ಸ್ನಾನಕ್ಕೆಂದೇ ಒಂದು ಭಾಗವಿದೆ. ಆದರೆ ಅರಮನೆಗೂ ಗುಡಿಸಲಿಗೂ ನರಕ ಚತುರ್ದಶಿಯ ಅಭ್ಯಂಜನ ಒಂದೇ. ಮೈಯ ಎಣ್ಣೆಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಪುಡಿ. ಹಳೆಯ ಮೈಸೂರಿನ ಕಡೆ ಚುಜ್ಜಲು ಪುಡಿ, ಮಲೆನಾಡಿನಲ್ಲಿ ದಾಸವಾಳದ ಸೊಪ್ಪು ಹಿಸುಕಿದ ಲೋಳೆಯಾದ ಗೊಂಪು. ಸೀಗೆ ಮತ್ತು ಅಂಟುವಾಳಗಳಲ್ಲಿ ನೊರೆ ಕೊಡುವ ವಸ್ತುವಿಗೆ ಸಪೋನಿನ್ ಎಂದು ಹೆಸರು. ಅಂಟುವಾಳದ ಶಾಸ್ತ್ರೀಯ ನಾಮ ‘ಸಪಿಂಡಸ್’; ಭಾರತದ ಸಾಬೂನು ಎಂಬ ಅರ್ಥದ ಎರಡು ಲ್ಯಾಟಿನ್ ಶಬ್ದಗಳನ್ನು ಕೂಡಿಸಿ ಮಾಡಿದ್ದು.

ಇಲ್ಲಿ ಒಂದು ಮುಖ್ಯವಾದ ಸಂಗತಿಯಿದೆ. ದಕ್ಷಿಣದ ಪ್ರಸ್ಥಭೂಮಿಯ ಎಷ್ಟೋ ಬಾವಿಗಳ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿವೆ. ಸಾಬೂನು ಆ ಲವಣಗಳೊಡನೆ ಸೇರಿ ಕರಗದ ಬೂದುಬಣ್ಣದ ಕೆನೆಯಾಗುತ್ತದೆ. ನೊರೆ ಬಾರದು, ಕೂದಲು ಜಿಗುಟಾಗುತ್ತದೆ. ಸೀಗೆಕಾಯಿಗೂ ಅಂಟುವಾಳಕ್ಕೂ ಆ ತೊಂದರೆಯಿಲ್ಲ. ಮೇಲಾಗಿ ಸಾಬೂನು ಕ್ಷಾರಗುಣದ್ದು, ಸೀಗೆಕಾಯಿ ಕೊಂಚ ಹುಳಿಗುಣದ್ದು. ಕೂದಲಿನ ಹೊರಪದರ ಕ್ಷಾರದಲ್ಲಿ ಎದ್ದು ಒರಟಾಗುತ್ತದೆ, ಸೌಮ್ಯವಾದ ಹುಳಿಯಲ್ಲಿ ಕೂಡಿ ನಯವಾಗುತ್ತದೆ. ಆದ್ದರಿಂದ ಸಾಬೂನು ಊರಿಗೆ ಬಂದ ಮೇಲೂ ಅಜ್ಜಿಯರು ತಲೆಗೆ ಅದನ್ನು ಮುಟ್ಟಿಸದಿದ್ದದ್ದು ಬರಿಯ ಹಟವೆಂದು ತಿಳಿಯಬೇಡಿ. ಅವರ ಬಾವಿಯ ನೀರೇ ಅವರ ಪರವಾಗಿ ವಾದಿಸುತ್ತಿತ್ತು. ಗಡಸುನೀರಿಗೆ ಬಗ್ಗದ ಡಿಟರ್ಜೆಂಟುಗಳನ್ನು ಕಾರ್ಖಾನೆಗಳು ತಯಾರಿಸಿದ್ದು 20ನೆಯ ಶತಮಾನದಲ್ಲಿ.

‘ಶಾಂಪೂ’ ಎಂಬ ಶಬ್ದದ ಪಯಣವೂ ಸ್ವಾರಸ್ಯವಾಗಿದೆ. ಹಿಂದಿಯ ‘ಚಾಂಪೋ’, ಎಂದರೆ ಒತ್ತು, ನೀವು ಎಂಬುದೇ ಅದರ ಮೂಲ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ ಮತ್ತು ಮೈನೀವುವ ಸ್ನಾನಗೃಹವನ್ನು ತೆರೆದು ಪ್ರಸಿದ್ಧನಾದ. 1822ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ದೊರೆ ನಾಲ್ಕನೆಯ ಜಾರ್ಜನಿಗೂ ಸೇವೆ ಸಲ್ಲಿಸಿದ. ತಲೆ ತೊಳೆಯುವುದು ಎಂಬ ಅರ್ಥ ಆ ಪದಕ್ಕೆ ಅಂಟಿದ್ದು ಆಮೇಲೆ. ನಾವು ಕಳುಹಿಸಿದ ಶಬ್ದ ಕೊನೆಗೆ ಸೀಸೆಯಲ್ಲಿ ತುಂಬಿ ನಮಗೇ ಮರಳಿ ಬಂದಿತು.

ಸಾಬೂನು ಹೇಗೆ ಗೆದ್ದಿತು? ಎಣ್ಣೆ ಅಥವಾ ಕೊಬ್ಬಿಗೆ ಪ್ರಬಲ ಕ್ಷಾರ ಸೇರಿಸಿ ಕಾಯಿಸಿದರೆ ಸಾಬೂನು ಆಗುವುದೆಂಬುದು ಹಳೆಯ ತಿಳಿವಳಿಕೆಯೇ. ಹೊಸದೆಂದರೆ ಅಗ್ಗದ ಕ್ಷಾರ. ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಅಡುಗೆಯ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಸೋಡಾಕ್ಕಾಗಿ ಬೂದಿಯನ್ನೂ ಸವಳನ್ನೂ ಅವಲಂಬಿಸುವ ಅಗತ್ಯ ಕಾರ್ಖಾನೆಗಳಿಗೆ ತಪ್ಪುತ್ತ ಹೋಯಿತು. 1823ರಲ್ಲಿ ಷೆವ್ರೆಲ್ ಕೊಬ್ಬಿನ ರಚನೆಯನ್ನು ವಿವರಿಸಿ ಗ್ರಂಥ ಪ್ರಕಟಿಸಿದ ಮೇಲೆ ಕಣ್ಣಳತೆಯ ಕಸುಬು ಲೆಕ್ಕಾಚಾರದ ಉದ್ಯಮವಾಯಿತು. ಇಂಗ್ಲೆಂಡಿನ ಲಿವರ್ ಸಹೋದರರ ಸನ್‌ಲೈಟ್ 1884ರಲ್ಲಿ ಹುಟ್ಟಿ, ಆ ದಶಕದಲ್ಲೇ ಕಲ್ಕತ್ತೆಯ ಬಂದರಿಗೆ ಬಂದಿಳಿಯಿತು.

ಮೈಸೂರಿನ ಕಥೆ ನಿಮಗೆ ತಿಳಿದಿರಬೇಕು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ನಮ್ಮ ಶ್ರೀಗಂಧವನ್ನು ಕೊಳ್ಳುತ್ತಿದ್ದ ಜರ್ಮನಿಯ ಬಾಗಿಲು ಮುಚ್ಚಿ, ಮರದ ರಾಶಿ ಇಲ್ಲಿಯೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಸಾಯನ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಸರ್ಕಾರಿ ಸಾಬೂನು ಕಾರ್ಖಾನೆ ಬೆಳೆಯಿತು; ಮೈಸೂರು ಸ್ಯಾಂಡಲ್ ಸಾಬೂನು ನಾಡಿನ ಹೆಸರನ್ನೇ ಹೊತ್ತು ಮಾರುಕಟ್ಟೆಗೆ ಬಂದಿತು. 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಸಂಸ್ಥೆಯಾಯಿತು. ಇದು ಹೆಮ್ಮೆಯ ಅಧ್ಯಾಯವೇ. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ಗಂಧದ ವಿದ್ಯೆಗೆ ಪ್ರಯೋಗಾಲಯ, ಕಾರ್ಖಾನೆ, ಇತಿಹಾಸಕಾರರು ಎಲ್ಲರೂ ದೊರೆತರು. ಸವಳಿನ ವಿದ್ಯೆಗೆ ಯಾರೂ ದೊರೆಯಲಿಲ್ಲ. 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ಅಗ್ಗದ ನಿರ್ಮಾ ಬಂದ ನಂತರ ಉಬ್ಬೆಯ ಬಾನಿಗಳು ಒಂದೊಂದಾಗಿ ತಣ್ಣಗಾದವು.

ಹಾಗಾದರೆ ಅಜ್ಜಿಯ ಮದ್ದೆಲ್ಲ ಸರಿ, ಅಂಗಡಿಯದೆಲ್ಲ ತಪ್ಪು ಎಂದು ಅರ್ಥವೆ? ಖಂಡಿತ ಇಲ್ಲ. ರಕ್ತದ ಕಲೆಗೆ ಮೊದಲು ತಣ್ಣೀರು ಎಂಬ ಮಾತು ಸರಿ. ಬಿಸಿನೀರು ಸುರಿದರೆ ರಕ್ತದ ಪ್ರೋಟೀನು ಮೊಟ್ಟೆಯಂತೆ ಗಟ್ಟಿಯಾಗಿ ನೂಲಿನಲ್ಲಿ ಕೂರುತ್ತದೆ. ತುಕ್ಕಿನ ಕಲೆಗೆ ಉಪ್ಪು-ನಿಂಬೆಹಣ್ಣು ಸರಿ. ನಿಂಬೆಯ ಹುಳಿ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ. ಮಸಿಗೂ ನಿಂಬೆಹಣ್ಣೇ ಎಂದು ಹೇಳುವುದುಂಟು. ಅದೂ ಒಂದು ಕಾಲಕ್ಕೆ ಸರಿಯಾಗಿತ್ತು. ಆಗಿನ ಕಪ್ಪು ಮಸಿಯನ್ನು ಅಳಲೆಕಾಯಿಯಂತಹ ಒಗರು ಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಾಡುತ್ತಿದ್ದರು; ಕಬ್ಬಿಣವಿದ್ದಲ್ಲಿ ನಿಂಬೆ ಗೆಲ್ಲುತ್ತದೆ. ನಿಮ್ಮ ಜೇಬಿನ ಬಾಲ್ ಪೆನ್ನಿನ ಮಸಿಯಾದರೋ ಎಣ್ಣೆಯಂತಹ ದ್ರವದಲ್ಲಿ ಕರಗಿದ ಬಣ್ಣ. ಅದರ ಮೇಲೆ ಎಷ್ಟು ನಿಂಬೆ ಹಿಂಡಿದರೂ ವ್ಯರ್ಥ. ಸ್ಪಿರಿಟ್ ಹಚ್ಚಿದರೆ ಇಳಿದೀತು. ಕಲೆ ಬದಲಾಯಿತು, ಮದ್ದಿನ ಮಾತು ಮಾತ್ರ ಹಾಗೆಯೇ ಉಳಿಯಿತು.

ಇನ್ನು ಕೆಲವು ಹೊಸ ‘ಮನೆಮದ್ದು’ಗಳು. ಅಡುಗೆ ಸೋಡಾಕ್ಕೆ ವಿನಿಗರ್ ಬೆರೆಸಿದರೆ ಭರ್ರೆಂದು ನೊರೆಯೇಳುತ್ತದೆ, ನೋಡಲು ಚೆಂದ. ಆದರೆ ಹುಳಿ, ಕ್ಷಾರಗಳು ಪರಸ್ಪರ ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಎರಡನ್ನೂ ಬೇರೆ ಬೇರೆಯಾಗಿ ಬಳಸಿದ ಬೂದಿ-ಹುಣಿಸೆಯ ಗೃಹಿಣಿ ಹೆಚ್ಚು ಜಾಣೆ. ಬ್ಲೀಚಿಂಗ್ ಪುಡಿಗೆ ಯಾವುದೇ ಆಮ್ಲವನ್ನು, ಪಾಯಖಾನೆ ತೊಳೆಯುವ ದ್ರವವನ್ನೂ ಎಂದಿಗೂ ಬೆರೆಸಬೇಡಿ. ಹೊರಬರುವುದು ಶ್ವಾಸಕೋಶವನ್ನು ಸುಡುವ ಕ್ಲೋರಿನ್. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು. ಇದ್ದಿಲು, ಇಟ್ಟಿಗೆಪುಡಿಗಳಿಂದ ಹಲ್ಲು ತಿಕ್ಕುವ ಪದ್ಧತಿ ಹಳೆಯದೇ. ಅದು ಹಲ್ಲಿನ ಮೇಲಿನ ಎನಾಮಲ್ ಪದರವನ್ನು ಸವೆಸುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅಂಟುವಾಳ ಕಣ್ಣಿಗೆ ಬಿದ್ದರೆ ಉರಿ ಎಂಥದೆಂದು ಅನುಭವಿಸಿದವರೇ ಬಲ್ಲರು. ಸಪೋನಿನ್ ಇರುವ ಕಾಯಿ ತೊಗಟೆಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯುವುದೂ ಉಂಟು.

ಹೊಸದರ ಲೆಕ್ಕವನ್ನೂ ನೋಡಬೇಕಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೇ ಹಾರಿ ಬಂದದ್ದನ್ನು ದೂರದರ್ಶನದ ಸುದ್ದಿಯಲ್ಲಿ ದೇಶವೆಲ್ಲ ನೋಡಿತು. ಸಂಸ್ಕರಿಸದ ಕೊಳಚೆಯೊಡನೆ ಮನೆಮನೆಗಳ ಡಿಟರ್ಜೆಂಟ್ ಅಲ್ಲಿ ಸೇರಿತ್ತು. ಇನ್ನೊಂದೆಡೆ 2020ರಲ್ಲಿ ಕೋವಿಡ್ ಬಂದಾಗ ಸಾಮಾನ್ಯ ಸಾಬೂನಿನ ತುಂಡೇ ಕೋಟ್ಯಂತರ ಜನರ ರಕ್ಷಣೆಗೆ ನಿಂತಿತು. ಆ ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಸಾಬೂನು ಒಡೆಯುತ್ತದೆ. ಸೀಗೆಕಾಯಿ ಆಯ್ದು, ಒಣಗಿಸಿ, ಕುಟ್ಟಿ, ಜರಡಿ ಹಿಡಿಯಲು ಹೆಂಗಸರು ಕಳೆದ ದಿನಗಳನ್ನು ಎಣಿಸಿದರೆ, ಕಾಗದ ಬಿಚ್ಚಿದೊಡನೆ ಸಿದ್ಧವಾಗಿರುವ ಸಾಬೂನಿಗೆ ಅವರು ಏಕೆ ಒಲಿದರೆಂದು ಕೇಳಬೇಕಾಗಿಲ್ಲ.

ನಿಮ್ಮ ಊರಿನಲ್ಲಿ ಮಡಿವಾಳರ ಹಿರಿಯರು ಯಾರಾದರೂ ಇದ್ದರೆ ಹೋಗಿ ಮಾತನಾಡಿಸಿ. ಸವಳನ್ನು ಯಾವ ಹೊಲದಿಂದ ತರುತ್ತಿದ್ದರು, ಯಾವ ತಿಂಗಳಲ್ಲಿ ಕೆರೆಯುತ್ತಿದ್ದರು, ಒಳ್ಳೆಯ ಸವಳನ್ನು ಕಣ್ಣಿನಿಂದ ಗುರುತಿಸುತ್ತಿದ್ದರೋ ನಾಲಗೆಯಿಂದಲೋ, ಉಬ್ಬೆ ಆಯಿತೆಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿ, ಅವರ ಮಾತುಗಳಲ್ಲಿಯೇ ಬರೆದುಕೊಳ್ಳಿ. ಅದಕ್ಕೆ ಮೊದಲು ಮನೆಯಲ್ಲೊಂದು ಸಣ್ಣ ಪ್ರಯೋಗ ಮಾಡಿ ಹೋದರೆ ಪ್ರಶ್ನೆಗಳು ಇನ್ನೂ ಚುರುಕಾಗುತ್ತವೆ. ಎರಡು ಸೀಸೆಗಳಲ್ಲಿ ಕೊಳವೆಬಾವಿಯ ನೀರು ತುಂಬಿ, ಒಂದಕ್ಕೆ ಸಾಬೂನು ಹೆರೆದು ಹಾಕಿ, ಇನ್ನೊಂದಕ್ಕೆ ಎರಡು ಅಂಟುವಾಳದ ಸಿಪ್ಪೆ ನೆನೆಸಿದ ನೀರು ಬೆರೆಸಿ, ಎರಡನ್ನೂ ಒಂದೇ ಸಮನೆ ಕುಲುಕಿ. ಯಾವುದರಲ್ಲಿ ನೊರೆ ಎಷ್ಟು ಬೆರಳು ಎತ್ತರ ಎದ್ದಿತು, ಯಾವುದರ ತಳದಲ್ಲಿ ಬೂದುಬಣ್ಣದ ಕೆನೆ ಕೂತಿತು ಎಂದು ಗುರುತು ಹಾಕಿಟ್ಟುಕೊಂಡು, ಅದೇ ಪ್ರಯೋಗವನ್ನು ಮಳೆನೀರಿನಲ್ಲಿ ಇನ್ನೊಮ್ಮೆ ಮಾಡಿ ನೋಡಿ.